ಓದದೆ ಹಾಕಿದ ಸಹಿ

ನಾನು ಇಂಗ್ಲಿಷಿನಲ್ಲಿ ಕಾದಂಬರಿ, ಚಿತ್ರಕತೆ ಬರೆದು ಬದುಕುವವಳು. ಇಪ್ಪತ್ತು ವರ್ಷದಲ್ಲಿ ನಾಲ್ಕು ಕಾದಂಬರಿ, ಆರು ಚಿತ್ರಕತೆ. ಈಗ ಹೇಳುವುದು ಎಂಟು ವರ್ಷದ ಹಿಂದಿನ ಮಾತು. ಆಗ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿದ್ದೆ. ನನ್ನ ಎರಡನೆಯ ಕಾದಂಬರಿ ಸಿನಿಮಾ ಆಗುವುದಿತ್ತು. ಕಾದಂಬರಿ ಬರೆದವರಿಗೇ ಚಿತ್ರಕತೆಯನ್ನೂ ಒಪ್ಪಿಸುವುದು ಇಲ್ಲಿ ಅಪರೂಪ. ನಾನು ಹಟ ಹಿಡಿದು ಗಿಟ್ಟಿಸಿಕೊಂಡಿದ್ದೆ, ಅದರ ಜಂಬವೂ ಸಾಕಷ್ಟಿತ್ತು.

ಒಟ್ಟು ನೂರಾ ಹನ್ನೆರಡು ಪುಟ. ಅದರಲ್ಲಿ ಎಲ್ಲರೂ ಮೆಚ್ಚಿದ್ದು ಎಂಟು ಪುಟ. ಬಾಗಲಕೋಟೆಯ ಡಾಕ್ಟರೊಬ್ಬ ಡೆಟ್ರಾಯ್ಟ್‌ಗೆ ಬರುತ್ತಾನೆ. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ನಾಲ್ಕೂವರೆ ವರ್ಷ ಆಸ್ಪತ್ರೆಯಲ್ಲಿ ಸ್ಟ್ರೆಚರ್ ನೂಕುತ್ತಾನೆ. ಊರಿಗೆ ಬರೆಯುವ ಪತ್ರದಲ್ಲಿ ಮಾತ್ರ ಅವನು ಡಾಕ್ಟರು. ಒಂದು ದಿನ ಯಾರದೋ ಬಿಳಿ ಕೋಟು ಕೇಳಿ ಹಾಕಿಕೊಂಡು, ಫೋಟೋ ತೆಗೆಸಿ ಮನೆಗೆ ಕಳಿಸುತ್ತಾನೆ.

ಇದು ನನ್ನ ಕಲ್ಪನೆಯಲ್ಲ. ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನ ವೀರಭದ್ರಪ್ಪ ಅಂಕಲ್ ಬದುಕಿದ ಬದುಕು. ನಾನು ಆನ್ ಆರ್ಬರ್‌ನಲ್ಲಿ ಓದುವಾಗ ಪ್ರತಿ ಶನಿವಾರ ಮನೆಗೆ ಕರೆದೊಯ್ದು, ರೊಟ್ಟಿ ಎಣಗಾಯಿ ಹಾಕಿಸಿ, ವಾಪಸ್ ಬಿಟ್ಟುಹೋಗುತ್ತಿದ್ದವರು ಅವರು. ಒಮ್ಮೆ ಹಿಮ ಬಿದ್ದು ಟ್ರಾಫಿಕ್ ನಿಂತಾಗ ಕಾರಿನಲ್ಲಿ ಇದನ್ನು ತಾವಾಗಿಯೇ ಹೇಳಿಕೊಂಡಿದ್ದರು. ಆಮೇಲೆ ಪರೀಕ್ಷೆ ಪಾಸಾಗಿ, ಮೂವತ್ತು ವರ್ಷ ಒಳ್ಳೆಯ ಹೆಸರು ತೆಗೆದುಕೊಂಡು ರಿಟೈರ್ ಆದರು. ಕಾದಂಬರಿಯಲ್ಲಿ ಅವರನ್ನು ಬೇರೆ ಊರಿನ ಹಲ್ಲಿನ ಡಾಕ್ಟರ್ ಮಾಡಿ ಗುರುತು ಮರೆಸಿದ್ದೆ. ಚಿತ್ರಕತೆಯಲ್ಲಿ ಆ ಮರೆಯನ್ನೂ ತೆಗೆದುಬಿಟ್ಟೆ. ಏಕೆಂದರೆ ನಿಜವೇ ಹೆಚ್ಚು ಚೆನ್ನಾಗಿತ್ತು.

ಇಂಥ ಪಾತ್ರವಿದ್ದರೆ ನಿರ್ಮಾಪಕರ ವಕೀಲರು ರಿಲೀಸ್ ಫಾರ್ಮ್ ಕೇಳುತ್ತಾರೆ. ನನ್ನ ಬದುಕಿನ ಸಂಗತಿ ಬಳಸಲು ಒಪ್ಪಿದ್ದೇನೆ, ಮುಂದೆ ಕೋರ್ಟಿಗೆ ಹೋಗುವುದಿಲ್ಲ ಎಂಬ ಕಾಗದ ಅದು. ಒಂದು ಶನಿವಾರ ಫಾರ್ಮ್, ಆ ಎಂಟು ಪುಟ ಎರಡನ್ನೂ ಹಿಡಿದು, ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ಡ್ರೈವ್ ಮಾಡಿಕೊಂಡು ಹೋದೆ. ನನ್ನ ಪುಸ್ತಕದಿಂದ ಸಿನಿಮಾ ಆಗುತ್ತಿದೆ, ಅದರಲ್ಲಿ ನೀವೂ ಸ್ವಲ್ಪ ಇದ್ದೀರಿ ಎಂದೆ. ಪುಟಗಳನ್ನು ಮುಂದಿಟ್ಟೆ. ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ನಮ್ಮನಿ ಹುಡುಗಿ ತಂದ ಕಾಗದ ಓದಿ ಸಹಿ ಮಾಡೂದೇನು? ತಾ ಇಲ್ಲಿ ಪೆನ್,” ಎಂದು ಸಹಿ ಹಾಕಿಯೇಬಿಟ್ಟರು.

ಓದಿ ಅಂಕಲ್ ಎನ್ನಲು ನನಗೆ ಬಾಯಿ ಇತ್ತು, ಎನ್ನಲಿಲ್ಲ. ಮನೆಯವರಿಗೆಲ್ಲ ಗೊತ್ತಿರುವ ವಿಷಯವೇ ತಾನೇ ಎಂದುಕೊಂಡೆ. ಓದಿದರೆ ಬೇಡ ಎಂದುಬಿಟ್ಟಾರು ಎಂಬ ಅಳುಕೂ ಇತ್ತು, ಸುಳ್ಳು ಯಾಕೆ ಹೇಳಲಿ. ಫಾರ್ಮನ್ನು ಬ್ಯಾಗಿಗೆ ಸೇರಿಸಿ, ಸಹಿ ಸಿಕ್ಕಿತೆಂದು ನಿರ್ಮಾಪಕರಿಗೆ ಮೆಸೇಜೂ ಕಳಿಸಿದೆ.

ಸಂಜೆ ಊಟಕ್ಕೆ ಅವರ ಮಗಳು ಮೇಘಾ ಬಂದಳು. ಇಲ್ಲೇ ಹುಟ್ಟಿದವಳು, ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಹೊಸದಾಗಿ ಡಾಕ್ಟರ್. ನಾನು ಕತೆಗಾರ್ತಿ ಅಂತಲೋ ಏನೋ, ಗೋಡೆಯ ಮೇಲಿದ್ದ ಅಪ್ಪನ ಅದೇ ಬಿಳಿ ಕೋಟಿನ ಫೋಟೋದ ಪ್ರತಿ ತೋರಿಸಿ ಇಂಗ್ಲಿಷಿನಲ್ಲೇ ಹೇಳಿದಳು: ಮೆಡಿಕಲ್ ಸ್ಕೂಲ್ ಇಂಟರ್‌ವ್ಯೂನಲ್ಲಿ ತಾನು ಮಾತಾಡಿದ್ದು ಈ ಫೋಟೋ ಬಗ್ಗೆಯೇ, ಅಮೆರಿಕಕ್ಕೆ ಬಂದು ಅಪ್ಪ ಡಾಕ್ಟರಾದ ಮೊದಲ ದಿನದ ಫೋಟೋ ಅದು. ಅಂಕಲ್ ತಟ್ಟೆ ನೋಡುತ್ತಾ ನಕ್ಕರು. ಅವರ ಹೆಂಡತಿ ಶಾಂತಾ ಆಂಟಿ ಎದ್ದು ಮೊಸರು ತರಲು ಹೋದರು. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ನಾನು ಉಣ್ಣುತ್ತಲೇ ಬಗೆಯುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ, ಮೇಘಾ ಡ್ಯೂಟಿಗೆ ಹೋದ ಮೇಲೆ, ಅಂಕಲ್ ಕೈಗೆ ಕನ್ನಡಕ, ಪುಟ ಎರಡನ್ನೂ ಕೊಟ್ಟೆ. ಓದದಿದ್ದರೆ ನಾನು ಇಲ್ಲಿಂದ ಏಳುವುದಿಲ್ಲ ಎಂದೆ. ನಿಧಾನವಾಗಿ ಓದಿದರು. ಕೋಟಿನ ಫೋಟೋ ಬರುವ ಆರನೆಯ ಪುಟವನ್ನು ಎರಡು ಸಲ ಓದಿದರು.

“ಭಾಳ ಚಂದ ಬರದೀಯವ್ವಾ. ಆದ್ರ ಮೇಘಾಗ ಇದು ಗೊತ್ತಿಲ್ಲ. ಇದೊಂದು ಬ್ಯಾಡ.”

ಅವರ ಎದುರೇ ಫಾರ್ಮ್ ಹರಿದೆ.

ನಿರ್ಮಾಪಕರು ಫೋನಿನಲ್ಲಿ ಹೌಹಾರಿದರು. ಸಹಿ ಸಿಕ್ಕಿದೆ ಎಂದವಳು ನೀನೇ ಅಲ್ಲವೇ ಎಂದರು. ಓದದ ಮನುಷ್ಯನ ಸಹಿ ನನಗೆ ಬೇಡ, ಎಂಟು ಪುಟ ಹೊಸದಾಗಿ ಕೊಡುತ್ತೇನೆ ಎಂದೆ. ನಾಲ್ಕು ದಿನ ಕೊಟ್ಟರು, ಆಗದಿದ್ದರೆ ಬೇರೆಯವರಿಂದ ಬರೆಸುತ್ತೇವೆ ಎಂದರು. ಹಟ ಮಾಡಿ ಗಿಟ್ಟಿಸಿದ ಕೆಲಸ ಕೈಜಾರುವುದರಲ್ಲಿತ್ತು.

ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೆಯ ದಿನ, ಯಾರಿಗೂ ಹೇಳದ ನನ್ನದೇ ಒಂದು ಸುಳ್ಳನ್ನು ಎದುರಿಗಿಟ್ಟುಕೊಂಡು ಕೂತೆ. ಬರವಣಿಗೆಗೆ ಬರುವ ಮೊದಲು ನಾನು ಲಿಸ್ಲ್‌ನ ಒಂದು ಕಂಪನಿಯಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದೆ. ಲೇಆಫ್ ಆಗಿ ಕೆಲಸ ಹೋಯಿತು. ಏಳು ತಿಂಗಳು ದಿನಾ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಲೈಬ್ರರಿಗೆ ಹೋಗಿ, ಮಧ್ಯಾಹ್ನ ಪಾರ್ಕಿಂಗ್ ಲಾಟ್‌ನಲ್ಲಿ ಡಬ್ಬಿ ಬಿಚ್ಚಿ, ದಾವಣಗೆರೆಯ ಅಪ್ಪನಿಗೆ ಫೋನ್ ಮಾಡಿ ಆಫೀಸಿನಲ್ಲಿ ಬಹಳ ಕೆಲಸ ಎನ್ನುತ್ತಿದ್ದೆ. ಒಂದೊಂದು ಸಾಲನ್ನೂ ಬರೆದು ಹೊಡೆದುಹಾಕಿ ಮತ್ತೆ ಬರೆದೆ. ಬೇರೆಯವರ ಅವಮಾನ ಎಷ್ಟು ಸರಾಗವಾಗಿ ಬರೆದಿದ್ದೆ ಎಂದು ಆಗ ತಿಳಿಯಿತು. ಚಿತ್ರಕತೆಯಲ್ಲಿ ಡಾಕ್ಟರ್ ಹೋಗಿ, ಕೆಲಸ ಕಳೆದುಕೊಂಡ ಹೆಂಗಸು ಬಂದಳು. ಪುಟ ಒಪ್ಪಿಗೆಯಾಯಿತು.

ಸಿನಿಮಾ ತಯಾರಾದ ಮೇಲೆ ಡೆಟ್ರಾಯ್ಟ್ ಬಳಿ ಒಂದು ಪ್ರದರ್ಶನವಾಯಿತು. ಅಂಕಲ್ ಮನೆಯವರೆಲ್ಲ ಬಂದಿದ್ದರು. ಮುಗಿದ ಮೇಲೆ ವೇದಿಕೆಯಲ್ಲಿ, ಕಾರಿನಲ್ಲಿ ಡಬ್ಬಿ ಬಿಚ್ಚಿದವಳು ನಾನೇ ಎಂದು ಹೇಳಿದೆ. ನಾನು ವೇದಿಕೆ ಇಳಿಯುವಷ್ಟರಲ್ಲಿ ಅಂಕಲ್ ಮನೆಯವರೊಂದಿಗೆ ಹೊರಟುಹೋಗಿದ್ದರು. ಎರಡು ವಾರದ ನಂತರ ಫೋನ್ ಬಂತು.

“ಮೇಘಾಗ ಎಲ್ಲಾ ಹೇಳೇನಿ. ಅತ್ಲು. ಆಮ್ಯಾಲೆ ಯಾವ ಆಸ್ಪತ್ರಿ, ಯಾವ ಫ್ಲೋರ್ ಅಂತ ಕೇಳಿದ್ಲು. ಭಾನುವಾರ ಕರಕೊಂಡು ಹೊಂಟೇನಿ, ನೋಡ್ಬೇಕಂತ ಅಕಿಗೆ.”

ಕಾನೂನಿಗೆ ಸಹಿ ಸಾಕು, ಬರೆಯುವವಳಿಗೆ ಸಾಲದು ಎಂದು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ನಮ್ಮವರು ನಂಬಿಕೆಯ ಮೇಲೆ ಸಹಿ ಹಾಕಿಬಿಡುತ್ತಾರೆ. ಆದ್ದರಿಂದ ಈಗ ನಾನು ಪುಟಗಳನ್ನು ಎದುರು ಕೂತು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಪೆನ್ ಕೊಡುತ್ತೇನೆ. ಈ ಬರಹವನ್ನೂ ಅಂಕಲ್‌ಗೆ ಫೋನಿನಲ್ಲಿ ಪೂರ್ತಿ ಓದಿದೆ. ಹೆಸರು ಬದಲಿಸಲೇ ಎಂದು ಕೇಳಿದೆ.

“ಯಾಕ ಬದಲಸ್ತಿ? ಸ್ಟ್ರೆಚರ್ ನೂಕಿದ್ದೂ ನಾನ ಅಲ್ಲೇನು,” ಎಂದರು.