ಮೂರು ಹುಟ್ಟಿನ ದೋಣಿ

ಯಾರಿಗೋ ಏನೋ ಕಂಡಿತು ಎಂದು ಅಜ್ಜಿ ಶುರು ಮಾಡಿದರೆ, "ಆಗ ಕರೆಂಟ್ ಇರಲಿಲ್ಲವಲ್ಲ ಅಜ್ಜಿ, ಅದಕ್ಕೇ ಕಂಡಿದ್ದು" ಎಂದು ನಗುತ್ತಿದ್ದವಳು ನಾನು. ಇಂಜಿನಿಯರಿಂಗ್ ಓದುತ್ತಿದ್ದ ಸೊಕ್ಕೂ ಸ್ವಲ್ಪ ಇತ್ತೆನ್ನಿ. ಈಗ ಹೇಳಲಿರುವುದು ನಡೆದದ್ದು ಬೆಳಕು ಹರಿದ ಮೇಲೆ, ಪುಣೆ ಊರಿನ ನಡುವೆ, ಸೇತುವೆಗಳ ಮೇಲೆ ಬಸ್ಸುಗಳು ಓಡುತ್ತಿದ್ದಾಗ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಾನೇ ಏನನ್ನು ನಂಬಿದ್ದೇನೆ ಎಂದು ಕೇಳಿದರೆ ತಡವರಿಸುತ್ತೇನೆ.

ನಮ್ಮ ಕಾಲೇಜಿಗೆ ನದಿ ದಂಡೆಯಲ್ಲೊಂದು ದೋಣಿ ಕ್ಲಬ್ ಇತ್ತು. ಮಳೆಗಾಲ ಮುಗಿದು ನೀರಿನ ರಭಸ ಇಳಿದ ಮೇಲೆ ಅಭ್ಯಾಸ ಶುರುವಾದರೆ ಫೆಬ್ರವರಿಯ ಸ್ಪರ್ಧೆಯವರೆಗೂ ನಡೆಯುತ್ತಿತ್ತು. ನದಿಯೇನೂ ಚೆಂದವಿರಲಿಲ್ಲ. ತೇಲುವ ಅಂತರಗಂಗೆ ಕಳೆ, ನೊರೆ, ಬಿಸಿಲೇರಿದರೆ ವಾಸನೆ. ಆದರೂ ನಮಗೆ ಅದರ ಮೇಲೆ ವಿಪರೀತ ಪ್ರೀತಿ. ನಮ್ಮದು ನಾಲ್ಕು ಹುಟ್ಟಿನ ದೋಣಿ. ನಾಲ್ವರು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕೂತು ಒಬ್ಬೊಬ್ಬರು ಒಂದೊಂದು ಹುಟ್ಟು ಹಾಕಬೇಕು, ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ. ಐದನೆಯವಳು ಅವರಿಗೆ ಎದುರಾಗಿ ಕೂತು ಚುಕ್ಕಾಣಿ ಹಿಡಿದು ತಾಳ ಕೂಗಬೇಕು. ಆ ಐದನೆಯವಳು ನಾನು. ತೂಕ ಕಡಿಮೆ, ಗಂಟಲು ದೊಡ್ಡದು. ಅಷ್ಟೇ ನನ್ನ ಅರ್ಹತೆ.

ನನ್ನೆದುರು ಪ್ರಾಜಕ್ತಾ ಕೂರುತ್ತಿದ್ದಳು, ಅವಳ ಹಿಂದೆ ರೇಣುಕಾ. ರೇಣುಕಾಳ ಮನೆಯವರು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಪುಣೆಯ ಅಂಚಿನ ಭೋಸರಿಯಲ್ಲಿ ನೆಲೆನಿಂತವರು. ನನ್ನ ಅಪ್ಪನದು ವಿಮಾನ ನಗರದಲ್ಲಿ ಸಣ್ಣದೊಂದು ಉಡುಪಿ ಹೋಟೆಲ್. ದೋಣಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ನಾನು ಡಬ್ಬಿ ತುಂಬ ಇಡ್ಲಿ ತಂದರೆ ಆರು ತಿಂದು, "ಇವು ಹೊಟ್ಟಿಗೆ ಎಲ್ಲಿ ಹತ್ತತಾವ? ತಡಿ, ನಾಳೆ ರೊಟ್ಟಿ ತರ್ತೀನಿ" ಅನ್ನುತ್ತಿದ್ದಳು. ನೀರಿಗಿಳಿದಾಗ ಮಾತ್ರ ಅವಳ ಬಾಯಿ ಮುಚ್ಚಿರುತ್ತಿತ್ತು. ಭುಜದಲ್ಲಿ ಅಂಥ ಬಲವಿದ್ದೂ ಹುಟ್ಟನ್ನು ಅವಳು ಸದ್ದಿಲ್ಲದೆ ನೀರಿಗೆ ಇಳಿಸುತ್ತಿದ್ದುದನ್ನು ನೋಡುವುದೇ ನನಗೊಂದು ಸುಖ.

ಸ್ಪರ್ಧೆಗೆ ಐದು ವಾರವಿದೆ ಎನ್ನುವಾಗ, ಪುಣೆಯಾಚೆಯ ಕುರಕುಂಭದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಅವಳ ಅಪ್ಪ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ರೇಣುಕಾ ಆಸ್ಪತ್ರೆಯಿಂದ ಫೋನ್ ಮಾಡಿದಳು.

"ಅಪ್ಪಗ ಆಪರೇಷನ್ ಅದ. ಅವ್ವ ಒಬ್ಬಾಕಿ ಕೈಲೆ ಆಗಂಗಿಲ್ಲ, ನಾ ಇಲ್ಲೇ ಇರಬೇಕು. ನನ್ನ ಜಾಗ ಯಾರಿಗಾದ್ರೂ ಕೊಡ್ತಾರೇನು?"

"ಯಾರಿಗೂ ಕೊಡೋದಿಲ್ಲ, ಸುಮ್ನಿರು" ಎಂದೆ. ಸುಳ್ಳು. ಸ್ಪರ್ಧೆಗೆ ಸೋಮವಾರ ಹೆಸರು ಕೊಡಬೇಕು, ಅಷ್ಟರೊಳಗೆ ಬರದಿದ್ದರೆ ಜೂನಿಯರ್ ಹುಡುಗಿಯೊಬ್ಬಳನ್ನು ಕೂರಿಸುತ್ತೇನೆ ಎಂದು ತರಬೇತಿ ಕೊಡುವ ಸರ್ ಆಗಲೇ ಹೇಳಿದ್ದರು. ಅವರದೂ ತಪ್ಪಲ್ಲ. ನಾಲ್ಕು ತಿಂಗಳಿನ ಶ್ರಮ ಎಲ್ಲರದೂ ಇತ್ತು.

ಶನಿವಾರ ಬೆಳಿಗ್ಗೆ ಆ ಜೂನಿಯರ್ ಹುಡುಗಿಯೂ ಜ್ವರವೆಂದು ಬರಲಿಲ್ಲ. "ಮೂರೇ ಹುಟ್ಟಿನಲ್ಲಿ ಹೋಗಿ, ಕೈ ಸಡಿಲ ಮಾಡಿಕೊಂಡು ಬನ್ನಿ, ಜೋರು ಬೇಡ" ಎಂದರು ಸರ್. ರೇಣುಕಾಳ ಹುಟ್ಟನ್ನು ಶೆಡ್ಡಿನಲ್ಲೇ ಬಿಟ್ಟು ಹೊರಟೆವು. ಒಂದು ಕಡೆ ಎರಡು ಹುಟ್ಟು, ಇನ್ನೊಂದು ಕಡೆ ಒಂದೇ ಆದರೆ ದೋಣಿ ಒಂದು ಹುಟ್ಟಿನ ಕಡೆಗೆ ತಿರುಗುತ್ತ ಹೋಗುತ್ತದೆ. ಹಾಗೇ ಆಯಿತು. ಚುಕ್ಕಾಣಿಯ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದು ಕೂತೆ.

ಮೊದಲ ಸೇತುವೆ ದಾಟಿದ ಮೇಲೆ ನೀರಿನ ಮೇಲೆ ಮಂಜಿತ್ತು. ಅಲ್ಲಿ ದೋಣಿ ಒಂದು ಬದಿಗೆ ಎಳೆಯುವುದನ್ನು ನಿಲ್ಲಿಸಿತು. ಹಗ್ಗ ಸಡಿಲ ಬಿಟ್ಟೆ. ದೋಣಿ ನೇರ ಹೋಗುತ್ತಿತ್ತು. ಅಷ್ಟೂ ಹೊತ್ತು ಒಂದು ಬದಿಗೆ ವಾಲಿದ್ದದ್ದು ಸಮವಾಯಿತು. ವೇಗವೂ ಹೆಚ್ಚಿತು.

ನಮ್ಮ ದೋಣಿಯ ಸೀಟುಗಳಿಗೆ ಸಣ್ಣ ಗಾಲಿಗಳಿರುತ್ತವೆ. ಕೂತವರು ಕಾಲು ಮಡಚಿ ಚಾಚಿದಂತೆ ಸೀಟು ಹಿಂದೆ ಮುಂದೆ ಜಾರುತ್ತದೆ. ಖಾಲಿ ಸೀಟೂ ದೋಣಿಯ ಜಗ್ಗಾಟಕ್ಕೆ ಜಾರುವುದುಂಟು, ಆದರೆ ತನಗೆ ತೋಚಿದ ಹಾಗೆ. ಪ್ರಾಜಕ್ತಾಳ ಭುಜದ ಆಚೆ ರೇಣುಕಾಳ ಸೀಟು ಉಳಿದ ಮೂರರ ಜೊತೆ ಒಂದೇ ತಾಳದಲ್ಲಿ ಹೋಗಿ ಬರುತ್ತಿತ್ತು. ಇನ್ನೊಂದು ಮಾತು. ಹುಟ್ಟು ಎಳೆದ ಕಡೆಯಲ್ಲೆಲ್ಲ ನೀರಿನ ಮೇಲೆ ಒಂದು ಸುಳಿ ಉಳಿದು, ನನ್ನ ಪಕ್ಕದಿಂದ ಹಿಂದೆ ಸರಿಯುತ್ತದೆ. ಎಡಕ್ಕೆ ಎರಡು ಸುಳಿ, ಬಲಕ್ಕೆ ಎರಡು. ಎಣಿಸಿದೆ. ಮತ್ತೆ ಎಣಿಸಿದೆ.

ಪ್ರಾಜಕ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ನೇರ ಹೋಗ್ತಾ ಇದೆಯಾ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು.

"ಹೂಂ."

"ನೀನು ಚುಕ್ಕಾಣಿ ಹಿಡಿದಿಲ್ಲ."

"ಇಲ್ಲ."

"ಸರಿ, ಇನ್ನು ಮಾತಾಡಬೇಡ."

ನನಗೆ ಹೆದರಿಕೆ ಆಗಲಿಲ್ಲ, ಇದು ನಿಜ. ತಡವಾಗಿ ಬಂದ ಗೆಳತಿ ಕೊನೆಗೂ ಬಂದಳು ಎನ್ನುವಾಗ ಆಗುತ್ತದಲ್ಲ, ಅಂಥ ನಿರಾಳ. ತಾಳ ಕೂಗುತ್ತ ಕೂಗುತ್ತ ಬಾಯಿ ತಪ್ಪಿ, "ಛಲೋ ರೇಣುಕಾ" ಎಂದುಬಿಟ್ಟೆ. ರೈಲು ಸೇತುವೆ ಹತ್ತಿರವಾದಾಗ ದೋಣಿ ನಿಧಾನವಾಗಿ ಮತ್ತೆ ಅವಳ ಹುಟ್ಟಿರಬೇಕಾದ ಬದಿಗೆ ತಿರುಗತೊಡಗಿತು. ನಾಲ್ಕೈದು ನಿಮಿಷ ನಡೆದಿರಬೇಕು ಅಷ್ಟೇ. ವಾಪಸು ಬರುವಾಗ ದಾರಿಯುದ್ದಕ್ಕೂ ಹಗ್ಗ ಜಗ್ಗಿ ಜಗ್ಗಿ ನನ್ನ ಕೈ ಬಿದ್ದುಹೋಯಿತು.

ಸರ್ ಮೊದಲ ಸೇತುವೆಯ ಮೇಲೆ ನಿಂತು ನೋಡಿದ್ದರಂತೆ. ದಂಡೆಗೆ ಬಂದವರು ನಮ್ಮನ್ನು ಎಣಿಸಿ, "ಇನ್ನೊಬ್ಬಳನ್ನು ಎಲ್ಲಿ ಇಳಿಸಿದಿರಿ?" ಎಂದರು.

"ಹುಟ್ಟು ಹಾಕಿದ್ದು ಮೂರೇ ಜನ ಸರ್" ಎಂದಳು ಪ್ರಾಜಕ್ತಾ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಂಜು" ಎಂದರು. ಸೋಮವಾರ ಅವರು ಕೊಟ್ಟ ಪಟ್ಟಿಯಲ್ಲಿ ರೇಣುಕಾಳ ಹೆಸರಿತ್ತು.

ಶನಿವಾರ ಸಂಜೆಯೇ ಅವಳಿಗೆ ಫೋನ್ ಮಾಡಿದ್ದೆ. ಹಿಂದಿನ ದಿನ ಆಪರೇಷನ್ ಚೆನ್ನಾಗಿ ಆಗಿತ್ತು. "ಮುಂಜಾನೆ ಬೆಂಚಿನ ಮ್ಯಾಲೆ ಕುಂತಲ್ಲೇ ನಿದ್ದಿ ಹತ್ತಿತ್ತು. ನಾಕ್ ದಿನದಾಗ ಅದ ಮೊದಲ ನಿದ್ದಿ. ಎದ್ದಾಗಿಂದ ತೋಳು ಭಾಳ ನೋಯ್ಲಿಕ್ಕತ್ತಾವ, ಹೆಂಗ ಕುಂತಿದ್ನೋ ಏನೋ" ಎಂದಳು. ಬೆಳಗಿನ ಸಂಗತಿ ಬಿಟ್ಟು, ಊಟ ಆಯಿತಾ ಎಂದು ಕೇಳಿದೆ.

ಎರಡು ವಾರ ಕಳೆದು ಅವಳು ಬಂದಳು. ಸ್ಪರ್ಧೆಯಲ್ಲಿ ನಾವು ಮೂರನೆಯವರಾದೆವು. ಮೂರನೆಯವರಾದದ್ದಕ್ಕೇ ಗೆದ್ದವರಿಗಿಂತ ಹೆಚ್ಚು ಕಿರುಚಿದೆವು. ಆಮೇಲೆ ಒಬ್ಬ ಮೇಷ್ಟ್ರಿಗೆ ಈ ಸಂಗತಿ ಅರ್ಧ ಹೇಳಿದೆ. ನದಿಯ ಸೆಳೆತ ಒಂದು ಕಡೆ ಹೆಚ್ಚಿದ್ದರೆ ಹಾಗಾಗಬಹುದು ಎಂದರು. ಆಗಬಹುದು. ಸುಳಿಗಳ ಮಾತು ಮಾತ್ರ ಅವರೆದುರು ಎತ್ತಲಿಲ್ಲ.

ರೇಣುಕಾಗೆ ಹೇಳಿದ್ದು ಕಳೆದ ವರ್ಷ, ಭೋಸರಿಯ ಅವಳ ಮನೆಯಲ್ಲಿ. ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದಳು.

"ಛಲೋ ಹಾಕಿದ್ನೇನ ಹುಟ್ಟು?"

"ಭಾಳ ಛಲೋ" ಎಂದೆ.

"ಅಷ್ಟ ಸಾಕ ಬಿಡು" ಎಂದು ಚಹಾ ಇಡಲು ಎದ್ದಳು. ನಾನು ಹೊಗಳಿದ್ದು ಅವಳನ್ನೋ, ಬೇರೆ ಯಾರನ್ನೋ, ಬರೀ ನೀರಿನ ಸೆಳೆತವನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ.