ಮೂವತ್ತೆಂಟು ಸಲ ಸತ್ತ ನಟನಿಗೆ ಒಂದು ಪ್ರಶ್ನೆ

ಮೊನ್ನೆ ಯಾರೋ ಪುಣ್ಯಾತ್ಮರು ನನ್ನ ಹಳೇ ಆಲ್ಬಂ ಕೆದಕಿ ಒಂದು ಫೋಟೋಗೆ ಲೈಕ್ ಒತ್ತಿದ್ರು. ಅಷ್ಟೇ, ಅದು ಮತ್ತೆ ಎಲ್ಲರ ಮುಂದೆ ಎದ್ದು ಕೂತ್ಕೊಳ್ತು. ಫೋಟೋದಲ್ಲಿ ನಾನಿದೀನಿ, ಈಗಿನಕ್ಕಿಂತ ಹದಿನೈದು ಕೇಜಿ ಕಮ್ಮಿ ಇದೀನಿ. ಪಕ್ಕದಲ್ಲಿ ಒಬ್ಬರು ಅಮೆರಿಕದ ವಯಸ್ಸಾದ ಸಿನಿಮಾ ನಟ ನನ್ನ ಕೈಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ನಗ್ತಿದಾರೆ. ಕೆಳಗೆ ಕಾಮೆಂಟು: 'ವಾವ್ ಮೇಡಂ, ಇವರು ನಿಮಗೆ ಪರಿಚಯಾನಾ? ಹೇಳಲೇ ಇಲ್ಲ!' ಉತ್ತರ ಬರೀದೆ ಫೋನ್ ಮಗುಚಿಟ್ಟು ಅಡುಗೆಮನೆಗೆ ಹೋದೆ. ಅಲ್ಲಿ ಏನ್ ಮಾಡ್ಬೇಕು ಅಂತ ಗೊತ್ತಾಗ್ದೆ ಹುಣಸೆಹಣ್ಣು ನೆನೆಹಾಕ್ದೆ. ಅವತ್ತು ನಮ್ಮನೇಲಿ ಸಾರು ಮಾಡೋ ಪ್ಲಾನೇ ಇರ್ಲಿಲ್ಲ.

ನಾಚಿಕೆ ಅನ್ನೋದು ಹೀಗೇನೇ. ಕೋಪ ಆದ್ರೆ ನಾಲ್ಕು ದಿನಕ್ಕೆ ಆರುತ್ತೆ, ದುಃಖಾನೂ ಸವೆಯುತ್ತೆ. ನಾಚಿಕೆ ಮಾತ್ರ ಫ್ರೀಜರಲ್ಲಿಟ್ಟ ಮೀನಿನ ಹಾಗೆ, ಹೊರಗೆ ತೆಗೆದ ದಿನ ಹೊಸದಾಗೇ ನಾರುತ್ತೆ. ಹಾಗಾಗಿ ಇವತ್ತು ಪೂರ್ತಿ ಹೇಳ್ಬಿಡ್ತೀನಿ. ನಟರ ಹೆಸರು ಮಾತ್ರ ಹೇಳಲ್ಲ. ಹೇಳಿದ್ರೆ ನೀವು ಅವರನ್ನ ಹುಡುಕ್ಕೊಂಡು ಹೋಗ್ತೀರಿ, ನನ್ನ ಕಥೆ ಅರ್ಧಕ್ಕೇ ನಿಲ್ಲುತ್ತೆ.

ಎರಡು ಸಾವಿರದ ಆರೋ ಏಳೋ ಇರ್ಬೇಕು. ಆಗ ದೋಹಾದ ವೆಸ್ಟ್ ಬೇ ಅಂದ್ರೆ ಅರ್ಧ ಟವರು, ಅರ್ಧ ಕ್ರೇನು. ಅಲ್ಲೊಂದು ಜಾಹೀರಾತು ಕಂಪನಿಯಲ್ಲಿ ನನಗೆ ಕೆಲಸ. ಮೈಸೂರಿನವಳು, ಇಂಗ್ಲಿಷು ನೀಟಾಗಿ ಬರೀತಾಳೆ ಅಂತ ಆಮಂತ್ರಣ ಪತ್ರಿಕೆಯಿಂದ ಹಿಡಿದು ಮ್ಯಾನೇಜರ್ ಮಗನ ಸ್ಕೂಲ್ ಪ್ರಾಜೆಕ್ಟ್‌ವರೆಗೂ ನನ್ನ ತಲೆಗೇ ಕಟ್ತಿದ್ರು. ಒಂದಿನ ಲೆಬನಾನಿನ ಆ ಮ್ಯಾನೇಜರು ಬಂದು, ಹತ್ತಿರದ ಹೋಟೆಲಿನ ಸಮಾರಂಭಕ್ಕೆ ಇಂಥ ನಟ ಅತಿಥಿಯಾಗಿ ಬರ್ತಿದಾರೆ, ಪರಿಚಯ ಭಾಷಣ ಬರೆದು ಓದೋರು ಬೇಕು, ಇವರ ಬಗ್ಗೆ ಯಾರಿಗೆ ಗೊತ್ತು ಅಂತ ಕೇಳಿದ್ರು. ನನ್ನ ಕೈ ಮೇಲೆ ಹೋಯ್ತು. ನಿಜ ಹೇಳ್ತೀನಿ, ನನಗೆ ಇಂಗ್ಲಿಷ್ ಸಿನಿಮಾ ಅಂದ್ರೆ ನಿದ್ದೆ. ಮೊದಲನೇ ಕಾರು ಪಲ್ಟಿ ಹೊಡೆಯೋ ಹೊತ್ತಿಗೆ ನಾನು ಗೊರಕೆ. ಆದ್ರೂ ಕೈ ಎತ್ತಿದ್ದೆ.

ಯಾಕೆ ಎತ್ತಿದ್ದೆ ಅಂದ್ರೆ ನನ್ನ ಹತ್ರ ಸದಾನಂದಣ್ಣ ಇದ್ರು.

ಸದಾನಂದಣ್ಣ ಮೂಲ್ಕಿ ಕಡೆಯವರು. ಮನೆಮಾತು ತುಳು. ದೋಹಾದಿಂದ ಎಂಬತ್ತು ಕಿಲೋಮೀಟರ್ ದೂರದ ದುಖಾನ್‌ನ ಎಣ್ಣೆ ಕಂಪನಿ ಕ್ವಾರ್ಟರ್ಸಲ್ಲಿ ಏಸಿ ರಿಪೇರಿ ಕೆಲಸ. ಒಂದು ಕನ್ನಡದವರ ಪಿಕ್ನಿಕ್ಕಲ್ಲಿ ಪರಿಚಯ ಆಗಿದ್ದು. ತಿಂಗಳಿಗೊಂದು ಸಲ ಸಾಮಾನಿಗೆ ಅಂತ ದೋಹಾಗೆ ಬಂದಾಗ ಮುಐದರ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಬಂದು ಹೋಗ್ತಿದ್ರು. ಊರಲ್ಲಿದ್ದಾಗ ಅವರದ್ದೊಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತಂತೆ. ಇಂಗ್ಲಿಷ್ ಸರಿಯಾಗಿ ಬರಲ್ಲ, ಆದ್ರೂ ಎಲ್ಲ ಇಂಗ್ಲಿಷ್ ಸಿನಿಮಾನೂ ನೋಡಿ, ಗಿರಾಕಿಗಳಿಗೆ ತುಳುವಿನಲ್ಲಿ ಕಥೆ ಹೇಳಿ ಕ್ಯಾಸೆಟ್ ಕೊಡೋರು. ಮಾತು ಅರ್ಥ ಆಗ್ತಿರ್ಲಿಲ್ಲವಾದ್ರಿಂದ ಮುಖ ನೋಡೋದು ಕಲಿತಿದ್ರು. ಹಾಗೆ ನೋಡ್ತಾ ನೋಡ್ತಾ ಒಂದು ಮುಖ ಅವರಿಗೆ ಹತ್ರ ಆಗಿತ್ತು. ಅದೇ ಈ ನಟರದ್ದು.

ಫೋನ್ ಮಾಡಿದೆ. ಇಂಥವರು ಬರ್ತಿದಾರೆ ಅಂತ ಹೇಳಿದೆ.

'ಅವರು ಇಲ್ಲಿಗೆ ಬರುದಾ? ಕತಾರಿಗಾ? ಎಂತಕ್ಕೆ ಮಾರಾಯ್ರೆ, ಅವರಿಗೆ ಊರಲ್ಲಿ ಕೆಲಸ ಇಲ್ವಾ?'

ಮುಂದಿನ ಶುಕ್ರವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಬಂದೇಬಿಟ್ರು. ಅದರಲ್ಲಿ ನಟರ ನಲವತ್ತೊಂದು ಸಿನಿಮಾಗಳ ಪಟ್ಟಿ ಇತ್ತು. ಹೆಚ್ಚುಕಮ್ಮಿ ಪ್ರತಿಯೊಂದರ ಮುಂದೆ ಅವರು ಅದರಲ್ಲಿ ಹೇಗೆ ಸತ್ರು ಅಂತ. ಗುಂಡು, ಗುಂಡು, ರೈಲು, ಗುಂಡು, ಮೊಸಳೆ, ಗುಂಡು, 'ಮಹಡಿಯಿಂದ ಬಿದ್ದು (ಸ್ವಲ್ಪ ಓವರ್)'. ಯಾಕಂದ್ರೆ ಮೊದಲ ಇಪ್ಪತ್ತು ವರ್ಷ ಅವರು ಬರೀ ವಿಲನ್ನಿನ ಬಲಗೈ ಬಂಟ. ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಯೊಳಗೆ ಹೀರೋ ಕೈಲಿ ಸಾಯೋದೇ ಕಸುಬು. ಲಾರಿ ಡ್ರೈವರ್ ಮಗ, ಬಾಕ್ಸಿಂಗಲ್ಲಿ ಮೂಗು ಮುರ್ಕೊಂಡವರು. ಆ ಮೂಗಿನಿಂದಲೇ ಕೆಲಸ ಸಿಕ್ಕಿದ್ದು, ಆ ಮೂಗಿನಿಂದಲೇ ಹೀರೋ ಆಗದೆ ಉಳಿದಿದ್ದು. ಐವತ್ತು ದಾಟಿದ ಮೇಲೆ ತಲೆ ಬೆಳ್ಳಗಾಗಿ ಜಡ್ಜು, ಪಾದ್ರಿ, ಹೀರೋ ಅಪ್ಪ ಆದ್ರು, ಆಗಲೂ ಸಾಯೋದು ಮಾತ್ರ ತಪ್ಪಲಿಲ್ಲ. ಆಮೇಲೆ ಜನ ಇವರು ದೊಡ್ಡ ನಟ ಅಂತ ಕಂಡುಹಿಡಿದ್ರು.

'ಮೊದಲೂ ದೊಡ್ಡ ನಟರೇ. ಸಾಯುವಾಗ ಯಾರು ನೋಡ್ತಾರೆ ಹೇಳಿ. ಜನ ಹೀರೋನ್ನೇ ನೋಡುದು. ನಾನು ಇವರನ್ನು ನೋಡ್ತಿದ್ದೆ' ಅಂದ್ರು ಸದಾನಂದಣ್ಣ.

ನಲವತ್ತೊಂದರಲ್ಲಿ ಮೂವತ್ತೆಂಟು ಸಾವು. ಉಳಿದ ಮೂರರಲ್ಲಿ ಒಂದು ಚಿಕ್ಕ ಸಿನಿಮಾ ಇತ್ತು, ಅಮೆರಿಕದಲ್ಲೇ ಯಾರೂ ನೋಡಿಲ್ವಂತೆ. ಅದರಲ್ಲಿ ಅವರು ಹಳೇ ಹೋಟೆಲೊಂದರ ಲಿಫ್ಟ್ ನಡೆಸೋನು. ಕೊನೇಲಿ ಕೆಲಸ ಹೋಗುತ್ತೆ. ಆವತ್ತು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳೀತಾರೆ. ಇಳೀತಾ ನಡುವೆ ಒಂದು ಕಡೆ ನಿಂತು, ಕಂಬಿ ಹಿಡಿದು, ತಿರುಗಿ ಮೇಲೆ ನೋಡ್ತಾರೆ. ತುಂಬಾ ಹೊತ್ತು ನೋಡ್ತಾರೆ.

'ನಾನು ಹನ್ನೊಂದು ಸಲ ನೋಡಿದ್ದೇನೆ ಮೇಡಂ. ಅವರು ಅಲ್ಲಿ ಎಂತ ನೋಡುದು ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ. ನೀವು ನನ್ನನ್ನು ಒಳಗೆ ಕರ್ಕೊಂಡು ಹೋಗಿ. ಅದೊಂದು ಕೇಳಿ ಬಂದುಬಿಡ್ತೇನೆ.'

'ಖಂಡಿತ ಸದಾನಂದಣ್ಣ, ಪಾಸ್ ತಗೊಂಡಿರ್ತೀನಿ' ಅಂದೆ.

ತಗೊಂಡಿದ್ದೆ ಕೂಡ. ಆಫೀಸಿಂದ ಎರಡು ಪಾಸ್ ಕೊಟ್ಟಿದ್ರು, ಒಂದು ನನ್ನದು, ಇನ್ನೊಂದು ಅವರದ್ದು.

ಮಧ್ಯೆ ಒಂದು ಮಾತು. ನಮ್ಮ ಸಭೆಗಳ ಪರಿಚಯ ಭಾಷಣ ನೀವು ಕೇಳಿರ್ತೀರಿ. 'ಇವರಿಗೆ ಪರಿಚಯದ ಅಗತ್ಯವೇ ಇಲ್ಲ' ಅಂತ ಶುರು ಮಾಡಿ ಇಪ್ಪತ್ತೈದು ನಿಮಿಷ ಪರಿಚಯ ಮಾಡ್ತಾರೆ. ಅತಿಥಿ ಹುಟ್ಟಿದ್ದು, ಓದಿದ್ದು, ತಗೊಂಡ ಪ್ರಶಸ್ತಿ ಎಲ್ಲ ಬರುತ್ತೆ. ಈ ವಿಷಯ ನಿನಗೆ ಯಾರು ಹೇಳಿದ್ದು ಅನ್ನೋದು ಮಾತ್ರ ಯಾವ ಭಾಷಣದಲ್ಲೂ ಬರಲ್ಲ. ಮಾತಾಡೋನು ಎಲ್ಲಾ ಹುಟ್ಟಿದಾಗಿಂದ ಗೊತ್ತಿತ್ತು ಅನ್ನೋ ಮುಖ ಇಟ್ಕೊಂಡಿರ್ತಾನೆ. ನಾನೂ ಆ ಮುಖಾನ ಕನ್ನಡಿ ಮುಂದೆ ಎರಡು ದಿನ ಪ್ರಾಕ್ಟೀಸ್ ಮಾಡಿದ್ದೆ.

ಸಮಾರಂಭ ಮಧ್ಯಾಹ್ನ ಮೂರಕ್ಕೆ. ಸದಾನಂದಣ್ಣ ದುಖಾನಿಂದ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಎರಡಕ್ಕೇ ಬಂದು ಹೋಟೆಲ್ ಲಾಬಿಯಲ್ಲಿ ಕೂತಿದ್ರು. ತಿಳಿನೀಲಿ ಸಫಾರಿ ಸೂಟು, ಕೂದಲಿಗೆ ಎಣ್ಣೆ, ಕೈಯಲ್ಲಿ ಪ್ಲಾಸ್ಟಿಕ್ ಕವರಲ್ಲಿ ಆ ನೋಟ್‌ಬುಕ್ಕು. ಸುತ್ತ ಸೂಟು-ಬೂಟು, ಸೆಂಟು. ನನ್ನನ್ನ ಕಂಡು ಎದ್ದು ನಿಂತು ಕವರ್ ಎತ್ತಿ ತೋರಿಸಿದ್ರು.

ಅಷ್ಟರಲ್ಲಿ ಮ್ಯಾನೇಜರ್ ಬಂದ್ರು. 'ಯಲ್ಲಾ, ಯಲ್ಲಾ, ಒಳಗೆ ನಡಿ' ಅಂದು, ಅವರ ಕಡೆ ನೋಡಿ ಕೇಳಿದ್ರು, 'ಇವರು ಯಾರು? ನಿನ್ನ ಜೊತೆನಾ?'

ನಾನಂದೆ, 'ಅಲ್ಲ. ನಮ್ಮ ಊರಿನ ಕಡೆಯವರು, ಏನೋ ಕೊಡೋಕೆ ಬಂದಿದಾರೆ.'

ಸಫಾರಿ ಸೂಟಿಗೆ ನಾಚಿಕೊಂಡೆ ಅಂತ ಹೇಳಿದ್ರೆ ಅರ್ಧ ಸತ್ಯ. ಇನ್ನರ್ಧ ಏನಂದ್ರೆ, ಒಳಗೆ ಬಂದು ಇವರು ಬಾಯಿ ಬಿಟ್ರೆ ಭಾಷಣ ಯಾರದ್ದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲ ಅನ್ನೋ ಭಯ. ಅವರ ಹತ್ರ ಹೋಗಿ ಕನ್ನಡದಲ್ಲಿ, 'ಪಾಸ್ ಇನ್ನೂ ಬಂದಿಲ್ಲ ಸದಾನಂದಣ್ಣ, ಸ್ವಲ್ಪ ಕೂತಿರಿ' ಅಂದೆ. ಪಾಸು ನನ್ನ ಹ್ಯಾಂಡ್‌ಬ್ಯಾಗಲ್ಲಿತ್ತು.

'ಅಡ್ಡಿಯಿಲ್ಲ, ನೀವು ಹೋಗಿ. ನನಗೆ ಅರ್ಜೆಂಟಿಲ್ಲ' ಅಂದ್ರು.

ಭಾಷಣ ಭರ್ಜರಿಯಾಯ್ತು. ಮೊಸಳೆ ವಿಷಯಕ್ಕೆ ಹಾಲೆಲ್ಲ ನಕ್ತು, ನಟರೂ ನಕ್ರು. ಕೊನೇಲಿ ಆ ಲಿಫ್ಟಿನ ಸಿನಿಮಾ ಹೇಳಿದೆ. ಅವರ ನಗು ನಿಂತೋಯ್ತು. ಆಮೇಲೆ ಟೀ ಹೊತ್ತಲ್ಲಿ ತಾವೇ ಹುಡುಕ್ಕೊಂಡು ಬಂದು ನನ್ನ ಕೈ ಹಿಡ್ಕೊಂಡ್ರು. ಆ ಫೋಟೋ ಆಗ ತೆಗೆದಿದ್ದು.

'ಆ ಸಿನಿಮಾ ನೀನು ಎಲ್ಲಿ ನೋಡಿದೆ?' ಅಂದ್ರು. 'ನನ್ನ ಮಕ್ಕಳೇ ನೋಡಿಲ್ಲ.'

ಕೇಳಿದ್ರಲ್ಲ, ಇದಕ್ಕಿಂತ ಸುಲಭದ ಪ್ರಶ್ನೆ ಇದೆಯಾ? ನೋಡಿದವರು ಹೊರಗೆ ಲಾಬಿಯಲ್ಲಿದಾರೆ, ಇಪ್ಪತ್ತು ಹೆಜ್ಜೆ, ಕರೀತೀನಿ ಅಂದಿದ್ರೆ ಮುಗೀತಿತ್ತು. ನಾನು ಹೇಳಿದ್ದು, 'ನಮ್ಮೂರ ವಿಡಿಯೋ ಅಂಗಡೀಲಿ. ಹನ್ನೊಂದು ಸಲ ನೋಡಿದೀನಿ.' ಆ ಹನ್ನೊಂದನ್ನೂ ಬಿಡ್ಲಿಲ್ಲ ನೋಡಿ ನಾನು. ಅಲ್ಲಿಗೂ ನಿಲ್ಲದೆ ಸದಾನಂದಣ್ಣನ ಪ್ರಶ್ನೇನೂ ಕೇಳ್ಬಿಟ್ಟೆ. ಮೆಟ್ಟಿಲಲ್ಲಿ ನಿಂತು ಮೇಲೆ ಏನು ನೋಡಿದ್ರಿ ಅಂತ.

ಅವರು ಯೋಚನೆ ಮಾಡಿದ್ರು. ಆಮೇಲೆ ಜೋರಾಗಿ ನಕ್ಕು, 'ಏನೂ ನೋಡ್ಲಿಲ್ಲಮ್ಮ. ಮೊಣಕಾಲು ಹಿಡ್ಕೊಂಡಿತ್ತು. ಇಳಿಯೋಕಾಗ್ದೆ ನಿಂತೆ, ನೋವು ಕಾಣ್ಬಾರ್ದು ಅಂತ ಮುಖ ತಿರುಗಿಸಿದೆ. ಡೈರೆಕ್ಟರು ಅದನ್ನೇ ಇಟ್ಕೊಂಡ್ರು' ಅಂದ್ರು. ಕಾರ್ಯಕ್ರಮದ ಹಾಳೆ ಮೇಲೆ 'ನೋಡಿದವಳಿಗೆ' ಅಂತ ಬರೆದು, ನನ್ನ ಹೆಸರು ಕೇಳಿ ಬರೆದು, ಸಹಿ ಹಾಕಿದ್ರು.

ಐದೂವರೆಗೆ ಹೊರಗೆ ಬಂದೆ. ಸದಾನಂದಣ್ಣ ಅದೇ ಸೋಫಾದ ಅದೇ ತುದಿಯಲ್ಲಿದ್ರು.

'ಅವರಿಗೆ ಹುಷಾರಿರ್ಲಿಲ್ಲ, ಹಿಂದಿನ ಬಾಗಿಲಿಂದ ಹೊರಟುಹೋದ್ರು. ಯಾರ ಹತ್ರಾನೂ ಮಾತಾಡ್ಲಿಲ್ಲ' ಅಂದೆ.

'ಅಯ್ಯೋ ಪಾಪ. ಅವರಿಗೆ ಮೊದಲೇ ಹಾರ್ಟಿಂದು ಉಂಟು' ಅಂದ್ರು. ಕವರ್ ಮಡಚಿ ಕಂಕುಳಲ್ಲಿ ಇಟ್ಕೊಂಡು ದುಖಾನ್ ಕಡೆ ಹೊರಟ್ರು.

ಮಾರನೇ ದಿನದ ಪೇಪರಲ್ಲಿ ಆ ಫೋಟೋ ಬಂತು. ಅಷ್ಟು ದೊಡ್ಡದಾಗಿ ನಾನು ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಆ ತಿಂಗಳು ಸದಾನಂದಣ್ಣ ಸಾಮಾನಿಗೆ ದೋಹಾಗೆ ಬಂದ್ರೂ ನಮ್ಮನೆಗೆ ಬರ್ಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನಮ್ಮೆಜಮಾನ್ರಿಗೆ ಅನುಮಾನ ಬಂದು ಕೂರಿಸಿ ಕೇಳಿದ್ರು. ಎಲ್ಲ ಕೇಳಿ ಆದ್ಮೇಲೆ ಅವರು ಬಯ್ಯಲಿಲ್ಲ, ಕಾರಿನ ಕೀ ತಗೊಂಡ್ರು.

'ನಡಿ.'

'ಫೋನಲ್ಲಿ ಹೇಳ್ತೀನಿ ಬಿಡ್ರಿ.'

'ಅವರು ಫೋನಲ್ಲಿ ಕಾದಿದ್ರಾ? ನಡಿ.'

ದುಖಾನ್ ದಾರಿ ಉದ್ದಕ್ಕೂ ನಾನು ಮಾತುಗಳನ್ನ ಜೋಡಿಸ್ಕೊಂಡೆ. ಅಲ್ಲಿ ಹೋಗಿ ಕೂತ್ವಿ. ಸದಾನಂದಣ್ಣ ಟೀ ಕೊಟ್ರು. ಊರ ಕಡೆ ವಿಷಯ ಮಾತಾಡಿದ್ರು. ಕೊನೆಗೆ ಎಲ್ಲಾ ಕಕ್ಕಿದೆ. ಪಾಸಿಂದ ಹಿಡಿದು ಆ ಹನ್ನೊಂದು ಸಲದ ತನಕ. ಸಹಿ ಹಾಕಿದ ಹಾಳೆ ಮುಂದಿಟ್ಟೆ. ಅವರು ತಿರುಗಿಸಿ ನೋಡಿ ವಾಪಸ್ ಕೊಟ್ರು. 'ಇದರಲ್ಲಿ ನಿಮ್ಮ ಹೆಸರುಂಟಲ್ಲ, ನಾನು ಇಟ್ಕೊಂಡು ಎಂತ ಮಾಡ್ಲಿ.'

ಸ್ವಲ್ಪ ಹೊತ್ತಾದ ಮೇಲೆ ತಡೀಲಾರದೆ ಕೇಳಿದ್ರು. 'ಅವರು ಮೇಲೆ ಎಂತ ನೋಡಿದ್ದಂತೆ?'

ಹೇಳಿದೆ. ಇಪ್ಪತ್ತು ವರ್ಷ ಕಾದ ಮನುಷ್ಯನಿಗೆ ಮೊಣಕಾಲು ನೋವು ಅಂತ ಹೇಳೋವಾಗ ನಾನು ಟೀ ಲೋಟ ನೋಡ್ತಿದ್ದೆ. ಸದಾನಂದಣ್ಣನ ಮುಖ ಮಾತ್ರ ಅರಳ್ತು.

'ಹಾಗಾದ್ರೆ ಅದು ನಿಜವಾದ ನೋವು. ನನಗೆ ಗೊತ್ತಿತ್ತು ಮೇಡಂ. ಅವರಿಗೆ ಸುಳ್ಳು ಮಾಡ್ಲಿಕ್ಕೆ ಬರುದಿಲ್ಲ.'

ಅವರು ಚುಚ್ಚೋಕೆ ಹೇಳಿದ್ದಲ್ಲ. ಅದಕ್ಕೇ ಚುಚ್ಚಿದ್ದು ಇನ್ನೂ ಒಳಗಿದೆ.

ಆಮೇಲೆ ಅವರು ನಮ್ಮನೆಗೆ ಬರೋದನ್ನ ಮತ್ತೆ ಶುರು ಮಾಡಿದ್ರು. ಈಗ ಊರಲ್ಲಿದಾರೆ, ಮಾತಾಡ್ತಿರ್ತೀವಿ. ಇದನ್ನ ಬರೆಯೋ ಮುಂಚೆ ಫೋನ್ ಮಾಡಿ ಹೇಳಿದೆ. 'ಸದಾನಂದಣ್ಣ, ಆ ಹೋಟೆಲಿನ ವಿಷಯ ಬರೀತಿದೀನಿ. ಈ ಸಲ ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೀನಿ. ಸಿನಿಮಾ ನೋಡಿದ್ದು ನೀವು, ಭಾಷಣ ನಿಮ್ಮದು, ಪ್ರಶ್ನೆ ನಿಮ್ಮದು ಅಂತ.'

ಅವರು ಗಾಬರಿಯಾದ್ರು. 'ಹೆಸರು ಬೇಡ ಮಾರಾಯ್ರೆ. ಮೊಮ್ಮಕ್ಕಳೆಲ್ಲ ಫೇಸ್‌ಬುಕ್ಕಲ್ಲಿ ಉಂಟು. ಅಜ್ಜ ಒಂದು ಹೋಟೆಲಿನ ಬಾಗಿಲಲ್ಲಿ ಮೂರೂವರೆ ಗಂಟೆ ಕೂತದ್ದು ಅಂತ ಓದಿದ್ರೆ ನನಗೆ ನಾಚಿಕೆ ಆಗ್ತದೆ.'

ಮಾಡಿದ್ದು ನಾನು. ನಾಚಿಕೆ ಅವರಿಗೂ ಇದೆಯಂತೆ, ಇಷ್ಟು ವರ್ಷದಿಂದ. ಯಾರಿಗೂ ಹೇಳಿರ್ಲಿಲ್ಲ.

ಹಾಗಾಗಿ ಸದಾನಂದ ಅನ್ನೋದು ಅವರ ಹೆಸರಲ್ಲ. ಮೂಲ್ಕಿನೂ ಅವರೂರಲ್ಲ. ಅವರಿಗೆ ಸಲ್ಲೋ ಹೆಸರನ್ನ ಕೊಡ್ಬೇಕಾಗಿದ್ದ ದಿನ ನಾನು ಕೊಡ್ಲಿಲ್ಲ. ಈಗ ಕೊಡ್ತೀನಿ ಅಂದ್ರೆ ತಗೊಳ್ಳೋಕೆ ಅವರಿಗೆ ಮನಸ್ಸಿಲ್ಲ. ಈ ಕಥೆಗೆ ನೀವು ಲೈಕ್ ಒತ್ತೋದಿದ್ರೆ ಒತ್ತಿ, ಬೇಡ ಅನ್ನಲ್ಲ. 'ಎಷ್ಟು ಚೆನ್ನಾಗಿ ಬರೀತೀರಿ ಮೇಡಂ' ಅಂತ ಮಾತ್ರ ಬರೀಬೇಡಿ. ಇದರಲ್ಲೂ ಒಳ್ಳೊಳ್ಳೆ ಮಾತೆಲ್ಲ ಅವರದ್ದೇ.