ಗಿರಿಜಕ್ಕನಿಗೆ ಬಡಿಸಿದ ಶಿಲಾಯುಗದ ಊಟ

ಅಕ್ಕ ಮೊದಲ ಸಲ ವಾಂತಿ ಮಾಡಿಕೊಂಡಾಗ ನನಗೆ ಸಂತೋಷವಾಯಿತು.

ಇದನ್ನು ಬರೆಯಲು ಕೈ ಏಳುವುದಿಲ್ಲ. ಆದರೆ ನಡೆದದ್ದು ಹಾಗೆಯೇ. ಹೊನ್ನವಳ್ಳಿಯ ಅವಳ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬೆನ್ನು ಸವರುತ್ತಾ ಹೇಳಿದೆ. "ಒಳ್ಳೇದೇ ಆಯ್ತು ಬುಡಕ್ಕ. ಇಷ್ಟು ವರ್ಷ ತಿಂದ ಅನ್ನ, ಮುದ್ದೆ ಎಲ್ಲಾ ವಿಷ ಆಗಿ ಹೊರಗೆ ಬರ್ತಾ ಐತೆ."

"ಹಂಗಾ?" ಅಂದಳು. ಬಾಯಿ ತೊಳೆದುಕೊಂಡಳು. ನಂಬಿದಳು.

ಗಿರಿಜಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಎರಡನೇ ಕ್ಲಾಸು. ಅವತ್ತಿನಿಂದ ನನಗೆ ತಲೆ ಬಾಚಿದವಳು, ಊಟಕ್ಕಿಟ್ಟವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಅವಳೇ. ಮದುವೆಯಾಗಿ ಹೊನ್ನವಳ್ಳಿಗೆ ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ತೋಟವನ್ನು ತಾನೇ ನೋಡಿಕೊಂಡಳು. ಕಾಯಿ ಕೆಡವಿಸಿ, ಅಟ್ಟಕ್ಕೇರಿಸಿ, ವರ್ಷ ಕಾದು ಕೊಬ್ಬರಿ ಸುಲಿಸುತ್ತಿದ್ದಳು. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದ್ದು. ಕೊನೆಯ ಆರು ವರ್ಷ ಬೆಳಿಗ್ಗೆ ಸಂಜೆ ಇನ್ಸುಲಿನ್. ಕಿಡ್ನಿ ಸ್ವಲ್ಪ ಸೋತಿದೆ, ಹುಷಾರಾಗಿರಬೇಕು ಎಂದು ಡಾಕ್ಟರು ಒಮ್ಮೆ ಹೇಳಿದ್ದರು. ಆಗ ನಾನೂ ಪಕ್ಕದಲ್ಲೇ ಇದ್ದೆ.

ನಾನು ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆದಿಮಾನವರು ಬೇಟೆಯಾಡುತ್ತಿದ್ದರು, ಗೆಡ್ಡೆ ಗೆಣಸು, ಹಣ್ಣು ಹಂಪಲು ಹುಡುಕಿ ತಿನ್ನುತ್ತಿದ್ದರು ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಪಾಠದಲ್ಲಿ ಇದ್ದದ್ದು ಎರಡು ಪ್ಯಾರಾ. ನನಗೆ ಗೊತ್ತಿದ್ದದ್ದೂ ಅಷ್ಟೇ. ಐವತ್ತು ದಾಟಿದಾಗ ನನಗೂ ಶುಗರ್ ಬಂತು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಬ್ಬನ ಮಾತು ಕೇಳತೊಡಗಿದೆ. ಶಿಲಾಯುಗದ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಕಾಳು ಬೆಳೆಯಲು ಕಲಿತ ದಿನದಿಂದ ನಾವು ಕೆಟ್ಟೆವು ಎನ್ನುತ್ತಿದ್ದ. ಆ ವಿದ್ವತ್ತಿನ ಧಾಟಿ ನನಗೆ ಹಿಡಿಸಿತು. ನಾನೇ ಪಾಠ ಮಾಡುವ ವಿಷಯವಲ್ಲವೇ. ಅವನ ವಾಟ್ಸಾಪ್ ಗುಂಪಿಗೆ ಸೇರಿದೆ. ಅನ್ನ, ರಾಗಿ, ಗೋಧಿ, ಹಾಲು, ಸಕ್ಕರೆ ಎಲ್ಲ ಬಿಟ್ಟೆ. ಮೂರು ತಿಂಗಳಲ್ಲಿ ಹೊಟ್ಟೆ ಕರಗಿತು. ಶುಗರ್ ನಿಜವಾಗಿಯೂ ಇಳಿಯಿತು. ಮಾತ್ರೆಯನ್ನು ನಾನೇ ನಿಲ್ಲಿಸಿದೆ.

ಅಲ್ಲಿಗೆ ಸುಮ್ಮನಿರಬಹುದಿತ್ತು.

ಒಂದು ಭಾನುವಾರ ಅಕ್ಕನ ಮನೆಗೆ ಹೋಗಿ ರಾಗಿ ಹಿಟ್ಟಿನ ಡಬ್ಬ, ಅಕ್ಕಿ ಚೀಲ ಎರಡನ್ನೂ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. ಇನ್ಸುಲಿನ್ ಮೊದಲು ಅರ್ಧ ಮಾಡಿಸಿದೆ. ಹದಿನೈದು ದಿನಕ್ಕೆ ಪೂರ್ತಿ ಬಿಡಿಸಿದೆ. "ಕಾಡಲ್ಲಿ ಇದ್ದೋರಿಗೆ ಸೂಜಿ ಯಾರು ಚುಚ್ತಿದ್ರು ಹೇಳು?" ಅಂದೆ. ಅವಳು ನಕ್ಕಳು. ನಾವು ಲಿಂಗ ಕಟ್ಟುವ ಮನೆಯವರು. ನಾನು ಮಾಂಸ ತಿನ್ನಲು ಶುರುಮಾಡಿದ್ದನ್ನು ಅವಳು ಒಪ್ಪಿರಲಿಲ್ಲ. ಅವಳಿಗೆ ಕೊನೆಪಕ್ಷ ಮೊಟ್ಟೆಯನ್ನಾದರೂ ತಿನ್ನಿಸಲೇಬೇಕೆಂದು ಹಟ ಹಿಡಿದೆ. ದಿನಕ್ಕೆ ಮೂರು ಮೊಟ್ಟೆ, ಹಸಿ ಕಾಯಿ, ಸೊಪ್ಪು, ಬಾದಾಮಿ. ಮೊಟ್ಟೆ ತಿನ್ನುವ ಮೊದಲು ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ದೇವರ ಗೂಡಿನಲ್ಲಿಡುತ್ತಿದ್ದಳು. ಗೋಡೆ ಕಡೆ ತಿರುಗಿ, ಮೂಗು ಮುಚ್ಚಿಕೊಂಡು ನುಂಗುತ್ತಿದ್ದಳು. ಆಮೇಲೆ ಸ್ನಾನ ಮಾಡಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ನಾನು ಎದುರಿಗೆ ಕೂತು ನೋಡುತ್ತಿದ್ದೆ.

ಇನ್ನೊಂದು ದಿನ ಹೇಳದೆ ಕೇಳದೆ ಹೋದೆ. ಅಡಿಗೆಮನೆಯಲ್ಲಿ ತಟ್ಟೆ ಕವುಚಿ ಮುಚ್ಚಿಟ್ಟಿದ್ದ ಅರ್ಧ ಮುದ್ದೆ ಸಿಕ್ಕಿತು. ಪಕ್ಕದ ಮನೆಯವಳು ಕೊಟ್ಟದ್ದು. ಅವಳ ಎದುರಿಗೇ ಅಕ್ಕನನ್ನು ಬೈದೆ. "ಕದ್ದು ತಿನ್ನೋ ಬಾಯಿ ನಿಂದು. ಸಾಯೋದೇ ಇಷ್ಟ ಇದ್ರೆ ಹೇಳ್ಬಿಡು" ಅಂದೆ. ಮುದ್ದೆಯನ್ನು ಹಸುವಿನ ಬಾನಿಗೆ ಹಾಕಿದೆ. ಅರವತ್ತನಾಲ್ಕು ವರ್ಷದ ಹೆಂಗಸು ತಲೆ ಬಗ್ಗಿಸಿ, "ಹಸಿವು ಕಣ್ಲಾ, ತಡೀನಿಲ್ಲ" ಅಂದಳು. ಶುಗರ್ ನೋಡುವ ಮಿಷನ್ನಿನಲ್ಲಿ ಸಂಖ್ಯೆ ಏರುತ್ತಲೇ ಇತ್ತು. ಗುಂಪು ನಡೆಸುವವನನ್ನು ಕೇಳಿದರೆ, ದೇಹ ಹಳೆಯ ದಾರಿಗೆ ಹೊಂದಿಕೊಳ್ಳುತ್ತಿದೆ, ನೋಡುವುದನ್ನೇ ನಿಲ್ಲಿಸಿ ಎಂದ. ಮಿಷನ್ನನ್ನು ನಾನು ತಿಪಟೂರಿಗೆ ತಂದಿಟ್ಟುಕೊಂಡೆ.

ಅವಳು ತೂಕದಲ್ಲಿ ಇಳಿದಳು. ಬಹಳ ಬೇಗ ಇಳಿದಳು. ರವಿಕೆಯ ತೋಳು ಜೋತು ಬಿದ್ದದ್ದನ್ನು ಫೋಟೋ ತೆಗೆದು ಗುಂಪಿಗೆ ಹಾಕಿದೆ. ನನ್ನ ಹೆಂಡತಿ ಲತಾ ಆ ಫೋಟೋ ನೋಡಿ, "ರೀ, ಅತ್ತಿಗೆ ಮುಖ ನೋಡಿದ್ರಾ? ಇದು ಸಣ್ಣ ಆಗಿರೋದಲ್ಲ ಕಣ್ರೀ, ಒಣಗಿರೋದು" ಅಂದಳು. ನಿನಗೆ ವಿಜ್ಞಾನ ಗೊತ್ತಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಹಿತ್ತಲಿನ ಆ ವಾಂತಿ ಆದದ್ದು ಇದರ ಮರುವಾರ. ಎರಡು ದಿನ ನಿಲ್ಲಲಿಲ್ಲ. ನಾನು ತೋಟದಿಂದ ಎಳನೀರು ಕೆಡವಿಸಿ ಕುಡಿಸಿದೆ, ಒಂದಾದ ಮೇಲೊಂದು. ಮೂರನೆಯ ದಿನ ಬೆಳಿಗ್ಗೆ ಉಸಿರು ಏದುಸಿರಾಯಿತು. ಓಡಿ ಬಂದವಳ ಹಾಗೆ ಎದೆ ಏರಿಳಿಯುತ್ತಿತ್ತು, ಆದರೆ ಅವಳು ಮಲಗಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ. "ರುದ್ರ" ಎಂದು ನನ್ನ ಹೆಸರು ಹಿಡಿದು ಕರೆದಳು. ನಾನು ಪಕ್ಕದಲ್ಲೇ ಇದ್ದೆ. ಅವಳಿಗೆ ಕಾಣಿಸಲಿಲ್ಲ.

ತುಮಕೂರಿನ ಆಸ್ಪತ್ರೆ. ಐಸಿಯು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೀಟೋಅಸಿಡೋಸಿಸ್ ಅಂದರು. ಇನ್ಸುಲಿನ್ ಇಲ್ಲದೆ ರಕ್ತ ಆಮ್ಲವಾಗಿದೆ, ಮೈಯಲ್ಲಿ ನೀರಿಲ್ಲ, ಕಿಡ್ನಿ ಕೈಕೊಟ್ಟಿದೆ, ಪೊಟ್ಯಾಶಿಯಂ ಹೃದಯ ನಿಲ್ಲಿಸುವಷ್ಟು ಏರಿದೆ.

"ಇನ್ಸುಲಿನ್ ಯಾರು ನಿಲ್ಲಿಸಿದ್ದು?"

"ನಾನು."

"ನೀವು ಡಾಕ್ಟರಾ?"

"ಮೇಷ್ಟ್ರು." ಆಮೇಲೆ, ಯಾಕೆ ಹೇಳಿದೆನೋ, ಶಿಲಾಯುಗದವರ ಆಹಾರದ ವಿಷಯವನ್ನೆಲ್ಲ ಅವರ ಮುಂದೆ ಹೇಳಿದೆ. ಕಾರಿಡಾರಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ಯಾವ ಶಿಲಾಯುಗದವರು ಮೇಷ್ಟ್ರೇ? ಹೊಳೆ ಪಕ್ಕ ಇದ್ದೋರು ಮೀನು ತಿಂದ್ರು. ಕಾಡಲ್ಲಿದ್ದೋರು ಗೆಡ್ಡೆ, ಜೇನು, ಹುಲ್ಲಿನ ಬೀಜ ಕುಟ್ಟಿ ತಿಂದ್ರು. ಏನು ಸಿಕ್ತೋ ಅದು. ಸಿಗದೇ ಇದ್ದಾಗ ಸತ್ರು. ಸಕ್ಕರೆ ಕಡಿಮೆ, ಬೇಕರಿ ತಿಂಡಿ ಇಲ್ಲ, ದಿನವಿಡೀ ನಡಿಗೆ. ಅಷ್ಟನ್ನು ಅವರಿಂದ ಕಲೀಬಹುದು, ನಾನೂ ಅದನ್ನೇ ಹೇಳೋದು. ಆದ್ರೆ ನಿಮ್ಮಕ್ಕ ಆ ಕಾಲದಲ್ಲಿ ಇದ್ದಿದ್ರೆ ಅವರಿಗೆ ಏನು ತಿನ್ನಿಸಬೇಕು ಅನ್ನೋ ಪ್ರಶ್ನೆನೇ ಬರ್ತಿರಲಿಲ್ಲ. ಇಷ್ಟು ವರ್ಷ ಅವರನ್ನ ಉಳಿಸಿದ್ದು ಆ ಸೂಜಿ."

ಕೂಗಾಡಲಿಲ್ಲ. ಒಳಗೆ ಹೋದರು.

ಬೆಂಚಿನ ಮೇಲೆ ಕೂತೆ. ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ಗುಂಪಿನಲ್ಲಿ ಅಕ್ಕನ ಫೋಟೋಗೆ ಇನ್ನೂ ಚಪ್ಪಾಳೆಯ ಚಿತ್ರಗಳು ಬರುತ್ತಿದ್ದವು. "ಇವರೇ ನಮಗೆ ಸ್ಫೂರ್ತಿ" ಎಂದು ಯಾರೋ ಬರೆದಿದ್ದರು. ಗಾಜಿನಾಚೆ ಅವಳ ಬಾಯಿಗೆ ಕೊಳವೆ ಹಾಕುತ್ತಿದ್ದರು. ಗುಂಪು ನಡೆಸುವವನಿಗೆ ಫೋನು ಮಾಡಿದೆ. ನಿಮ್ಮಕ್ಕ ನಿಯಮ ಮುರಿದು ಏನೋ ತಿಂದಿರಬೇಕು ಎಂದ. ನಾನು ಆ ಅರ್ಧ ಮುದ್ದೆಯ ದಿನ ಆಡಿದ್ದ ಮಾತಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ಮರುದಿನ ಅವನು ನನ್ನನ್ನು ಗುಂಪಿನಿಂದ ತೆಗೆದುಹಾಕಿದ.

ಒಂಬತ್ತನೆಯ ದಿನ ಅಕ್ಕ ಸರಿಯಾಗಿ ಕಣ್ಣು ಬಿಟ್ಟಳು. ನನ್ನ ಕಡೆ ನೋಡಲಿಲ್ಲ. ನರ್ಸನ್ನು ಕೇಳಿದಳು, ಗಂಟಲು ಗೊರಗೊರ ಎನ್ನುತ್ತಿತ್ತು. "ತಾಯಿ, ನಂಗೆ ಒಂದು ತುತ್ತು ಮುದ್ದೆ ತಿನ್ನಕ್ಕೆ ಬುಡ್ತಾರಾ?"

ಜೀವ ಉಳಿಯಿತು. ಕಿಡ್ನಿ ಚೇತರಿಸಿಕೊಳ್ಳಲಿಲ್ಲ. ಮೂರು ತಿಂಗಳು ಕಾದು ನೋಡಿ, ಇನ್ನು ಇಷ್ಟೇ ಅಂದರು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಜಾಗ ಹಗ್ಗದ ಗಂಟಿನ ಹಾಗೆ ಉಬ್ಬಿದೆ. ತಿನ್ನುವುದರ ಪಟ್ಟಿ ಕೊಟ್ಟರು. ಇನ್ಸುಲಿನ್ ಜೊತೆಗೆ ಅನ್ನ ತಿನ್ನಬಹುದು, ಅಳತೆಯಲ್ಲಿ. ಮುದ್ದೆ ಅಪರೂಪಕ್ಕೆ ಚಿಕ್ಕದು. ಸೊಪ್ಪನ್ನು ಬೇಯಿಸಿ ನೀರು ಚೆಲ್ಲಬೇಕು. ಕುಡಿಯುವ ನೀರು ದಿನಕ್ಕೆ ನಾಲ್ಕು ಲೋಟ. ಪೊಟ್ಯಾಶಿಯಂ ಏರಿಸುವ ಎಳನೀರು ಬೇಡ. ಕಾಯಿ ಬೇಡ. ಕೊಬ್ಬರಿ ಬೇಡ.

ಆ ಕೊನೆಯ ಮೂರನ್ನು ನಾನೇ ಅವಳಿಗೆ ಓದಿ ಹೇಳಬೇಕಾಯಿತು. ಹುಟ್ಟಿದಾಗಿನಿಂದ ತೆಂಗಿನ ನೆರಳು ಬಿಟ್ಟು ಹೋಗದವಳು. "ಹಂಗಾದ್ರೆ ಸಾರಿಗೆ ಏನ್ ಹಾಕೋದು?" ಅಂದಳು. ಅಷ್ಟೇ ಕೇಳಿದ್ದು. ಬೇಸಿಗೆಯಲ್ಲಿ ಬಾಯಾರಿ ಐಸಿನ ಚೂರು ಚೀಪುತ್ತಾ ಕೂರುತ್ತಾಳೆ. ಅವಳ ತೋಟದ ಎಳನೀರನ್ನು ಬೇರೆಯವರು ಕೆಡವಿಕೊಂಡು ಹೋಗುತ್ತಾರೆ.

ನನಗೆ ಏನೂ ಆಗಲಿಲ್ಲ.

ನನ್ನ ಶುಗರ್ ಈಗಲೂ ಹತೋಟಿಯಲ್ಲಿದೆ. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಒಂದು ಸಣ್ಣ ಮಾತ್ರೆ ಕೊಟ್ಟರು, ಚೆನ್ನಾಗಿದ್ದೀರಿ ಅಂದರು. ಅವರ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಒಂದೇ ಊಟ ಒಂದು ಮೈಗೆ ಔಷಧವಾಗಿ ಇನ್ನೊಂದು ಮೈಯನ್ನು ಕೊಲ್ಲಲು ಬಂದಿತ್ತು. ಆದಿಮಾನವರ ಬಗ್ಗೆ ಈಗ ಸಿಕ್ಕಷ್ಟು ಓದುತ್ತೇನೆ. ಅವರಿಗೆ ಇಂಥದ್ದೇ ತಿನ್ನಬೇಕು ಎಂಬ ನಿಯಮವಿರಲಿಲ್ಲ, ಹಸಿವು ಇತ್ತು. ಮುದುಕರಿಗೆ, ಕಾಯಿಲೆಯವರಿಗೆ ಯಾರಾದರೂ ಮೆತ್ತಗಿನದನ್ನು ಜಜ್ಜಿ ತಿನ್ನಿಸುತ್ತಿದ್ದರೇನೋ. ಹಾಗೆಂದುಕೊಳ್ಳಲು ನನಗೆ ಇಷ್ಟ. ಗೊತ್ತಿಲ್ಲ.

ಅಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ. ಅವಳ ಅಡಿಗೆಯನ್ನು ಲತಾ ಮಾಡುತ್ತಾಳೆ, ನನಗೆ ಒಲೆಯ ಹತ್ತಿರ ಬರಲು ಬಿಡುವುದಿಲ್ಲ. ಸೂಜಿ ಚುಚ್ಚುವ ಕೆಲಸ ನನ್ನದು. ಬಂದು ಎಂಟು ತಿಂಗಳಾದರೂ ಅಕ್ಕ ಆ ವಿಷಯ ಎತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋದ ವಾರ ಡಯಾಲಿಸಿಸ್‌ಗೆ ಹೊರಡುವಾಗ, ಅವಳಿಗೆ ಚಪ್ಪಲಿ ತೊಡಿಸುತ್ತಾ ಕೆಳಗೆ ಕೂತಿದ್ದವನು ನಾನೇ ಕೇಳಿಬಿಟ್ಟೆ.

"ನನ್ ಮೇಲೆ ಕ್ವಾಪ ಇಲ್ವಾ ಅಕ್ಕಾ?"

ಅವಳು ತಡಮಾಡಲಿಲ್ಲ. "ಐತೆ ಕಣ್ಲಾ. ಇರದೇ ಏನು? ದಿನಾ ಐತೆ. ಬಾಯಾರಿದಾಗ ಇನ್ನೂ ಜಾಸ್ತಿ ಆಯ್ತದೆ."

ನಾನು ಚಪ್ಪಲಿಯ ಪಟ್ಟಿ ಬಿಗಿದೆ.

"ಹೋಗದಿಲ್ಲ ಅದು. ಹೋಯ್ತದೆ ಅಂತ ಕಾಯ್ಬೇಡ" ಅಂದಳು. ಆಮೇಲೆ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯನ್ನು ನನ್ನ ಹೆಗಲ ಮೇಲೆ ಭಾರವಾಗಿ ಊರಿ ಎದ್ದಳು. "ಗಾಡಿ ತಗಿ ಈಗ. ತಡ ಆದ್ರೆ ಮಿಷನ್ನು ಬೇರೆಯೋರಿಗೆ ಕೊಟ್ಬುಡ್ತಾರೆ."

ಗಾಡಿ ತೆಗೆದೆ.